ಬಾಗಿಲು ಮುಚ್ಚಿದ ಹೋಟೆಲಿನ ಚಮಚಕ್ಕೆ ಬೆಲೆ ಕಟ್ಟುವ ಬಗೆ

2016ರ ಜುಲೈ 26ರಂದು ನ್ಯೂಯಾರ್ಕ್ ನಗರದ ಪಾರ್ಕ್ ಅವೆನ್ಯೂನಲ್ಲಿರುವ ಸೀಗ್ರಾಂ ಕಟ್ಟಡದಲ್ಲಿ ಒಂದು ಹರಾಜು ನಡೆಯಿತು. ಕೂಗಿಗೆ ಬಂದದ್ದು ರಾಜಮನೆತನದ ಒಡವೆಯೂ ಅಲ್ಲ, ಹಳೆಯ ಕಾಲದ ವರ್ಣಚಿತ್ರವೂ ಅಲ್ಲ. ಅದೇ ತಿಂಗಳು ಅಲ್ಲಿಂದ ಬಾಗಿಲು ಮುಚ್ಚಿಕೊಂಡು ಹೊರಟಿದ್ದ 'ಫೋರ್ ಸೀಸನ್ಸ್' ಎಂಬ ರೆಸ್ಟೋರೆಂಟಿನ ಕುರ್ಚಿ, ಮೇಜು, ಬಾಣಲೆ, ಬೋಗುಣಿ, ಚಮಚ, ಮುಳ್ಳುಚಮಚಗಳು. ಚಿಕಾಗೋದ ರೈಟ್ ಹರಾಜು ಸಂಸ್ಥೆ ನಡೆಸಿದ ಈ ಮಾರಾಟದಲ್ಲಿ ಒಟ್ಟು ಸುಮಾರು 41 ಲಕ್ಷ ಡಾಲರ್ ಕೂಡಿಬಂತು. ಸಿಗರೇಟಿನ ಬೂದಿ ಕೊಡವಲು ಇಟ್ಟಿದ್ದ ನಾಲ್ಕು ಬಟ್ಟಲುಗಳ ಒಂದು ಗುಂಪಿಗೇ ಹತ್ತು ಸಾವಿರ ಡಾಲರ್ ದಾಟಿ ಬೆಲೆ ಬಂದಾಗ ಹರಾಜಿನ ಕೋಣೆಯಲ್ಲಿದ್ದವರೇ ಬೆರಗಾದರು.

ಅಂದಿನಿಂದ ಈ ರೆಸ್ಟೋರೆಂಟಿನ ಲೋಹದ ಊಟದ ಸಾಮಾನುಗಳಿಗೆ ಸಂಗ್ರಾಹಕರ ವಲಯದಲ್ಲಿ ಒಂದು ಬೇಡಿಕೆ ಹುಟ್ಟಿಕೊಂಡಿದೆ. ಬೇಡಿಕೆಯ ಬೆನ್ನಿಗೆ ಗೊಂದಲವೂ ಬಂದಿದೆ. ಯಾವುದು ನಿಜವಾಗಿ ಆ ಮೇಜಿನ ಮೇಲಿದ್ದದ್ದು, ಯಾವುದು ಅದರಂತೆ ಕಾಣುವ ಬೇರೊಂದು, ಯಾವುದು ಬೆಳ್ಳಿ, ಯಾವುದು ಬೆಳ್ಳಿಯ ಮುಲಾಮು ಎಂಬುದನ್ನು ತಿಳಿಯದೆ ಕೊಂಡವರು ಕೈಸುಟ್ಟುಕೊಳ್ಳುತ್ತಾರೆ. ತಿಳಿಯದೆ ಮಾರಿದವರು ಅದಕ್ಕಿಂತ ಹೆಚ್ಚು ಕಳೆದುಕೊಳ್ಳುತ್ತಾರೆ. ಈ ಒಂದು ರೆಸ್ಟೋರೆಂಟಿನ ಉದಾಹರಣೆಯನ್ನು ಇಟ್ಟುಕೊಂಡು ನೋಡಿದರೆ ಹಳೆಯ ಹೋಟೆಲು, ಕ್ಲಬ್ಬು, ಹಡಗು, ರೈಲ್ವೆ ಉಪಾಹಾರ ಕೊಠಡಿಗಳಿಂದ ಹೊರಬಂದ ಯಾವುದೇ ಲೋಹದ ಸಾಮಾನನ್ನು ಪರೀಕ್ಷಿಸುವ ಕ್ರಮ ಬಹುಮಟ್ಟಿಗೆ ಅರ್ಥವಾಗುತ್ತದೆ.

ಮೊದಲು ಆ ರೆಸ್ಟೋರೆಂಟಿನ ವಿಚಾರ. ಸೀಗ್ರಾಂ ಕಟ್ಟಡವನ್ನು ವಿನ್ಯಾಸಗೊಳಿಸಿದವರು ಮೀಸ್ ವಾನ್ ಡೆರ್ ರೋಹೆ. ಅದರ ಕೆಳ ಅಂತಸ್ತಿನಲ್ಲಿ 1959ರಲ್ಲಿ ಆರಂಭವಾದ ಫೋರ್ ಸೀಸನ್ಸ್‌ನ ಒಳಾಂಗಣ ಫಿಲಿಪ್ ಜಾನ್ಸನ್ ಅವರದು. ರೆಸ್ಟೋರೆಂಟ್ ಅಸೋಸಿಯೇಟ್ಸ್ ಕಂಪನಿಯ ಜೋಸೆಫ್ ಬಾಮ್ ಇದರ ಕಲ್ಪನೆಯ ಹಿಂದಿದ್ದವರು. ಋತು ಬದಲಾದಂತೆ ಊಟದ ಪಟ್ಟಿ, ಗಿಡಗಳು, ಮಾಣಿಗಳ ಉಡುಪು ಎಲ್ಲವೂ ಬದಲಾಗಬೇಕೆಂಬುದು ಅವರ ಹಂಬಲ. ಮೇಜಿನ ಮೇಲಿನ ಸಾಮಾನುಗಳನ್ನು ಅಂಗಡಿಯಿಂದ ತರಲಿಲ್ಲ. ಕೈಗಾರಿಕಾ ವಿನ್ಯಾಸಕಾರ ಗಾರ್ತ್ ಹಕ್ಸ್‌ಟೇಬಲ್ ಮತ್ತು ಅವರ ಪತ್ನಿ ಏಡಾ ಲೂಯಿಸ್ ಹಕ್ಸ್‌ಟೇಬಲ್ ಸೇರಿ ನೂರಕ್ಕೂ ಹೆಚ್ಚು ಬಗೆಯ ಪಾತ್ರೆ, ಲೋಟ, ಚಮಚ, ಬಡಿಸುವ ಸಾಧನಗಳನ್ನು ಈ ಒಂದು ರೆಸ್ಟೋರೆಂಟಿಗೆಂದೇ ರೂಪಿಸಿದರು. ಏಡಾ ಲೂಯಿಸ್ ಮುಂದೆ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವಾಸ್ತುಶಿಲ್ಪ ವಿಮರ್ಶಕಿಯಾಗಿ, 1970ರಲ್ಲಿ ವಿಮರ್ಶೆಗಾಗಿ ನೀಡಿದ ಮೊದಲ ಪುಲಿಟ್ಜರ್ ಪ್ರಶಸ್ತಿಗೆ ಪಾತ್ರರಾದರು. ಅವರು ರೂಪಿಸಿದ ಕೆಲವು ಸಾಮಾನುಗಳು ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನ ಸಂಗ್ರಹಕ್ಕೂ ಸೇರಿವೆ. 1989ರಲ್ಲಿ ನಗರಾಡಳಿತ ಈ ಒಳಾಂಗಣವನ್ನು ಸಂರಕ್ಷಿತ ತಾಣವೆಂದು ಘೋಷಿಸಿತು. ಆದರೆ ಸಂರಕ್ಷಣೆಯ ಆ ಕಾನೂನು ಗೋಡೆ, ಚಾವಣಿಗಳಿಗೆ ಅನ್ವಯಿಸಿತೇ ಹೊರತು ಚಮಚಗಳಿಗೆ ಅನ್ವಯಿಸಲಿಲ್ಲ. ಗುತ್ತಿಗೆ ಮುಂದುವರಿಯದೆ ರೆಸ್ಟೋರೆಂಟು ಜಾಗ ಬಿಡಬೇಕಾಗಿ ಬಂದಾಗ ಕಟ್ಟಡ ಉಳಿಯಿತು, ಪಾತ್ರೆಗಳು ಚೆದುರಿದವು.

ಇಲ್ಲಿಯೇ ಮೊದಲನೆಯ ಎಚ್ಚರಿಕೆ. ಚಮಚದ ಮೇಲೆ 'ಫೋರ್ ಸೀಸನ್ಸ್' ಎಂದು ಕೊರೆದಿದ್ದರೆ ಅದು ಈ ರೆಸ್ಟೋರೆಂಟಿನದೇ ಎಂದು ನಂಬುವುದು ಅವಸರವಾಗುತ್ತದೆ. ಅದೇ ಹೆಸರಿನ, ಕೆನಡಾದಲ್ಲಿ 1961ರಲ್ಲಿ ಆರಂಭವಾದ ಹೋಟೆಲುಗಳ ಸರಣಿಯೊಂದಿದೆ. ಜಗತ್ತಿನ ಹಲವು ನಗರಗಳಲ್ಲಿರುವ ಆ ಸರಣಿಯ ಹೋಟೆಲೊಂದು 2019ರಲ್ಲಿ ಬೆಂಗಳೂರಿನಲ್ಲೂ ತೆರೆಯಿತು. ಅದಕ್ಕೂ ನ್ಯೂಯಾರ್ಕಿನ ರೆಸ್ಟೋರೆಂಟಿಗೂ ಯಾವ ಸಂಬಂಧವೂ ಇಲ್ಲ. ಹೋಟೆಲು ಸರಣಿಯ ಲಾಂಛನ ಒಂದು ಮರ. ರೆಸ್ಟೋರೆಂಟಿಗಾಗಿ ಎಮಿಲ್ ಆಂಟೊನುಚಿ ಬರೆದ ಲಾಂಛನ ನಾಲ್ಕು ಋತುಗಳನ್ನು ಸೂಚಿಸುವ ನಾಲ್ಕು ಮರಗಳು. ಒಂದು ಮರವನ್ನು ನಾಲ್ಕು ಮರವೆಂದು ತಿಳಿದು ದುಡ್ಡು ಕೊಟ್ಟವನಿಗೆ ಸಿಗುವುದು ಬಳಸಲು ಯೋಗ್ಯವಾದ ಒಂದು ಚಮಚ ಮಾತ್ರ.

ಎರಡನೆಯ ತೊಡಕು ಕಾಲದ್ದು. ಈ ರೆಸ್ಟೋರೆಂಟು ಅದೇ ಜಾಗದಲ್ಲಿ 57 ವರ್ಷ ನಡೆಯಿತು. ಅಷ್ಟು ವರ್ಷ ಒಂದೇ ಜೊತೆ ಸಾಮಾನು ಬಾಳುವುದಿಲ್ಲ. ಯಾವ ದೊಡ್ಡ ಹೋಟೆಲಿನಲ್ಲಾದರೂ ಚಮಚಗಳು ಎಂಜಲಿನ ಜೊತೆ ಕಸದ ತೊಟ್ಟಿಗೆ ಹೋಗುತ್ತವೆ, ಗಿರಾಕಿಯ ಜೇಬಿಗೆ ಹೋಗುತ್ತವೆ, ಪಾತ್ರೆ ತೊಳೆಯುವ ಯಂತ್ರದಲ್ಲಿ ಸೊಟ್ಟಗಾಗುತ್ತವೆ. ಕಳೆದಂತೆಲ್ಲ ಹೊಸದು ಬರುತ್ತದೆ. ಆದ್ದರಿಂದ 1959ರ ಮೂಲ ಸಾಮಾನು ಬೇರೆ, ನಡುವಿನ ದಶಕಗಳಲ್ಲಿ ಸೇರಿಕೊಂಡದ್ದು ಬೇರೆ. ರೆಸ್ಟೋರೆಂಟು 2018ರಲ್ಲಿ 49ನೇ ಬೀದಿಯಲ್ಲಿ ಮತ್ತೆ ಬಾಗಿಲು ತೆರೆಯಿತು. ಅದರ ಒಳಾಂಗಣ ಬ್ರೆಜಿಲಿನ ವಾಸ್ತುಶಿಲ್ಪಿ ಇಸಾಯ್ ವೈನ್‌ಫೆಲ್ಡ್ ಅವರದು. ಒಂದು ವರ್ಷವೂ ತುಂಬದೆ 2019ರ ಜೂನ್‌ನಲ್ಲಿ ಅದೂ ಮುಚ್ಚಿತು. ಈ ನಡುವೆ ಹಳೆಯ ಕೋಣೆಗಳಲ್ಲಿ 2017ರಲ್ಲಿ ಬೇರೆಯವರು 'ದಿ ಗ್ರಿಲ್' ಮತ್ತು 'ದಿ ಪೂಲ್' ಎಂಬ ಹೆಸರಿನಲ್ಲಿ ವ್ಯಾಪಾರ ಆರಂಭಿಸಿದ್ದರು. 'ಸೀಗ್ರಾಂ ಕಟ್ಟಡದ ರೆಸ್ಟೋರೆಂಟಿನದು' ಎಂಬ ಮಾತು ನಿಜವಾಗಿದ್ದೂ ಸಾಮಾನು ಹಕ್ಸ್‌ಟೇಬಲ್ ದಂಪತಿಯದಲ್ಲದೇ ಇರಬಹುದು.

ಹಾಗಾದರೆ ಗುರುತು ಹಿಡಿಯುವುದು ಯಾವುದರಿಂದ? ಆಕಾರದಿಂದ. ಹೆಸರು ಕೊರೆಯುವುದು ಸುಲಭ, ಆಕಾರವನ್ನು ಹೊಂದಿಸುವುದು ಕಷ್ಟ. ಮ್ಯೂಸಿಯಂನ ಸಂಗ್ರಹದ ಛಾಯಾಚಿತ್ರಗಳು ಮತ್ತು 2016ರ ಹರಾಜಿನ ಸಚಿತ್ರ ಪಟ್ಟಿ ಇದಕ್ಕೆ ಇರುವ ಮುಖ್ಯ ಆಧಾರಗಳು. ಉದ್ದ, ಅಗಲ, ಹಿಡಿಕೆ ತೆಳುವಾಗುವ ಜಾಗ, ಮುಳ್ಳುಗಳ ನಡುವಿನ ಸೀಳಿನ ಆಳ, ಬಟ್ಟಲಿನ ಅಂಚು ಮಡಿಚಿದ ರೀತಿ ಇವನ್ನು ಅಳತೆಪಟ್ಟಿ ಹಿಡಿದು ಹೋಲಿಸಬೇಕು. ಅರ್ಧ ಅಂಗುಲದ ವ್ಯತ್ಯಾಸ ಕಂಡರೆ 'ಆಗಿನ ಕಾಲದಲ್ಲಿ ಹಾಗೆಯೂ ಮಾಡುತ್ತಿದ್ದರು' ಎಂಬ ಮಾರಾಟಗಾರನ ಸಮಾಧಾನಕ್ಕೆ ತಲೆದೂಗಬೇಕಾಗಿಲ್ಲ. ಆಕಾರದ ನಂತರ ಕಾಗದ. ಹರಾಜಿನ ರಸೀದಿ, ಅದರಲ್ಲಿನ ಸರಕಿನ ಸಂಖ್ಯೆ, ಆ ಸಂಖ್ಯೆಯ ಸರಕಿನಲ್ಲಿ ಎಷ್ಟು ಸಾಮಾನುಗಳಿದ್ದವು ಎಂಬ ವಿವರ ಇವೆಲ್ಲ ತಾಳೆಯಾಗಬೇಕು. ಒಂದೇ ರಸೀದಿಯ ಪ್ರತಿ ತೋರಿಸಿ ಹನ್ನೆರಡರ ಬದಲು ನಲವತ್ತು ಚಮಚ ಮಾರುವುದು ಈ ವ್ಯಾಪಾರದ ಹಳೆಯ ಚಾಳಿ.

ಕಾಗದವಿಲ್ಲದ ಸಾಮಾನೆಲ್ಲ ಸುಳ್ಳೆಂದಲ್ಲ. ರೆಸ್ಟೋರೆಂಟಿನಲ್ಲಿ ಊಟ ಮಾಡಿದವರು ನೆನಪಿಗೆಂದು ಒಂದನ್ನು ಚೀಲಕ್ಕೆ ಹಾಕಿಕೊಳ್ಳುವುದು ಎಲ್ಲ ದೇಶದ ರೂಢಿ. ನೆನಪೆಂದು ಕರೆದರೂ ಅದು ಕಳವೇ. ಆದ್ದರಿಂದ ಹೆಸರುವಾಸಿ ಹರಾಜು ಸಂಸ್ಥೆಗಳು ಇಂಥ ಸಾಮಾನನ್ನು ಮುಟ್ಟಲು ಹಿಂಜರಿಯುತ್ತವೆ, ಮುಟ್ಟಿದರೂ ಕಡಿಮೆ ಅಂದಾಜು ಹಾಕುತ್ತವೆ.

ಹಿಂಬದಿಯ ಠಸ್ಸೆ ಹೇಳುವುದೇನು

ಮೂಲ ತಿಳಿದ ಮೇಲೆ ಲೋಹದ ಪ್ರಶ್ನೆ. ಹೋಟೆಲುಗಳ 'ಬೆಳ್ಳಿ' ಸಾಮಾನು ಬಹುತೇಕ ಬೆಳ್ಳಿಯಲ್ಲ. ಅದರ ಒಡಲು ನಮ್ಮಲ್ಲಿ ಜರ್ಮನ್ ಸಿಲ್ವರ್ ಎಂದು ಕರೆಯುವ ಮಿಶ್ರಲೋಹ. ಹೆಸರಿನಲ್ಲಷ್ಟೇ ಬೆಳ್ಳಿ. ಅದರಲ್ಲಿರುವುದು ತಾಮ್ರ, ನಿಕ್ಕಲ್ ಮತ್ತು ಸತು. ಸಾಮಾನ್ಯವಾಗಿ ನೂರಕ್ಕೆ ಅರವತ್ತರಷ್ಟು ತಾಮ್ರವಿರುತ್ತದೆ. ಅದರ ಮೇಲೆ ವಿದ್ಯುತ್ ಹರಿಸಿ ತೆಳುವಾದ ಬೆಳ್ಳಿಯ ಪದರ ಕೂರಿಸುತ್ತಾರೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್ ಕಂಪನಿ 1840ರಲ್ಲಿ ಈ ವಿಧಾನಕ್ಕೆ ಪೇಟೆಂಟ್ ಪಡೆಯಿತು. ಅಲ್ಲಿಂದ ಮುಂದೆ ಶ್ರೀಮಂತರ ಮೇಜಿನ ಹೊಳಪು ಹೋಟೆಲಿಗೂ, ಹಡಗಿಗೂ, ರೈಲಿಗೂ ಇಳಿದು ಬಂತು.

ಇಂಥ ಸಾಮಾನಿನ ಹಿಂಬದಿಯಲ್ಲಿ ಒತ್ತಿದ ಅಕ್ಷರಗಳನ್ನು ಓದುವುದೇ ಅರ್ಧ ವಿದ್ಯೆ. 'ಇ.ಪಿ.ಎನ್.ಎಸ್.' ಎಂದಿದ್ದರೆ ಜರ್ಮನ್ ಸಿಲ್ವರಿನ ಮೇಲೆ ಬೆಳ್ಳಿಯ ಮುಲಾಮು. 'ಇ.ಪಿ.ಬಿ.ಎಂ.' ಎಂದಿದ್ದರೆ ಒಡಲು ತವರ ಪ್ರಧಾನವಾದ ಬ್ರಿಟಾನಿಯಾ ಲೋಹ. ಅದು ಮೆದು, ಕಡಿಮೆ ಕಾವಿಗೇ ಕರಗುತ್ತದೆ, ದುರಸ್ತಿಗೆ ಒಗ್ಗುವುದಿಲ್ಲ. 'ಎ1' ಎಂಬುದು ತಯಾರಕನು ತನ್ನ ಮುಲಾಮಿಗೆ ತಾನೇ ಕೊಟ್ಟುಕೊಂಡ ದರ್ಜೆ. ಬ್ರಿಟನ್ನಿನ ನಿಜವಾದ ಸ್ಟರ್ಲಿಂಗ್ ಬೆಳ್ಳಿಯ ಮೇಲೆ ನಡೆಯುತ್ತಿರುವ ಸಿಂಹದ ಮುದ್ರೆ ಇರುತ್ತದೆ. ಅಮೆರಿಕದಲ್ಲಿ 'ಸ್ಟರ್ಲಿಂಗ್' ಎಂಬ ಪದವೇ ಇರುತ್ತದೆ. ಎರಡರಲ್ಲೂ ಸಾವಿರಕ್ಕೆ 925 ಭಾಗ ಬೆಳ್ಳಿ.

ಜನರನ್ನು ಅತಿ ಹೆಚ್ಚು ದಾರಿ ತಪ್ಪಿಸುವ ಮುದ್ರೆಗಳು ಎರಡು. ಒಂದು, ಅಮೆರಿಕದ ಹಳೆಯ ಹೋಟೆಲು ಸಾಮಾನುಗಳ ತಳದಲ್ಲಿ ಕಾಣುವ 'ಸಿಲ್ವರ್ ಸೋಲ್ಡರ್ಡ್' ಎಂಬ ಒಕ್ಕಣೆ. ಪಾತ್ರೆ ಬೆಳ್ಳಿಯದು ಎಂದು ಅದರ ಅರ್ಥವಲ್ಲ. ಹಿಡಿ, ಮೂತಿ, ತಿರುಗಣಿಗಳನ್ನು ಬೆಳ್ಳಿ ಬೆರೆತ ಬೆಸುಗೆಯಿಂದ ಗಟ್ಟಿಯಾಗಿ ಕೂಡಿಸಲಾಗಿದೆ, ಹೋಟೆಲಿನ ಒರಟು ಬಳಕೆಗೆ ತಾಳುತ್ತದೆ ಎಂಬ ಭರವಸೆ ಮಾತ್ರ. ಇನ್ನೊಂದು, ಜರ್ಮನಿಯ ಡಬ್ಲ್ಯು.ಎಂ.ಎಫ್. ಮುಂತಾದ ಯೂರೋಪಿನ ತಯಾರಕರ ಚಮಚಗಳ ಮೇಲಿನ '90' ಎಂಬ ಅಂಕಿ. ಇದನ್ನು ನೂರಕ್ಕೆ ತೊಂಬತ್ತು ಬೆಳ್ಳಿ ಎಂದು ಓದುವವರು ಬಹಳ. ವಾಸ್ತವದಲ್ಲಿ ಹನ್ನೆರಡು ದೊಡ್ಡ ಚಮಚ ಮತ್ತು ಹನ್ನೆರಡು ಮುಳ್ಳುಚಮಚಗಳ ಒಟ್ಟು ಮೇಲ್ಮೈಗೆ 90 ಗ್ರಾಂ ಬೆಳ್ಳಿ ಹಚ್ಚಲಾಗಿದೆ ಎಂದು ಅದರ ಲೆಕ್ಕ. ತಲಾ ನಾಲ್ಕು ಗ್ರಾಂ ಕೂಡ ಇಲ್ಲ. 800, 835, 925 ಎಂಬ ಮೂರಂಕಿಗಳು ಶುದ್ಧತೆ ಹೇಳುತ್ತವೆ. 90 ಹೇಳುವುದು ಮುಲಾಮಿನ ಪ್ರಮಾಣವನ್ನು.

ಮುದ್ರೆ ಸವೆದು ಹೋಗಿದ್ದರೆ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಗಳುಂಟು. ಅಯಸ್ಕಾಂತದ ಪರೀಕ್ಷೆ ಬಹು ಪ್ರಸಿದ್ಧ, ಆದರೆ ಇಲ್ಲಿ ಅಷ್ಟೇನೂ ಉಪಯೋಗಕ್ಕೆ ಬಾರದು. ಬೆಳ್ಳಿಯೂ ಅಂಟುವುದಿಲ್ಲ, ಜರ್ಮನ್ ಸಿಲ್ವರೂ ಅಂಟುವುದಿಲ್ಲ. ಬಿಸಿ ಕಾಫಿಯಲ್ಲಿ ಚಮಚ ಇಳಿಬಿಟ್ಟು ಹಿಡಿಕೆ ಮುಟ್ಟಿ ನೋಡುವುದು ಅದಕ್ಕಿಂತ ಮೇಲು. ಬೆಳ್ಳಿ ಎಲ್ಲ ಲೋಹಗಳಿಗಿಂತ ಬೇಗ ಶಾಖವನ್ನು ಹರಿಸುತ್ತದೆ, ಅಪ್ಪಟ ಬೆಳ್ಳಿಯ ಲೋಟದಲ್ಲಿ ಬಿಸಿ ಕಾಫಿ ಹಿಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಜರ್ಮನ್ ಸಿಲ್ವರಿನ ಹಿಡಿಕೆ ಬೆರಳು ಸುಡಲು ಸಾಕಷ್ಟು ಹೊತ್ತು ತೆಗೆದುಕೊಳ್ಳುತ್ತದೆ.

ಇನ್ನೂ ಖಚಿತವಾದದ್ದು ನೀರಿನ ತೂಕ. ಗ್ರಾಮಿನ ಹತ್ತನೇ ಒಂದು ಭಾಗವನ್ನು ತೋರಿಸುವ ಸಣ್ಣ ತಕ್ಕಡಿಯಲ್ಲಿ ಮೊದಲು ಚಮಚವನ್ನು ತೂಗಬೇಕು. ಅನಂತರ ನೀರು ತುಂಬಿದ ಪಾತ್ರೆಯನ್ನು ತಕ್ಕಡಿಯ ಮೇಲಿಟ್ಟು, ಚಮಚವನ್ನು ದಾರದಲ್ಲಿ ಕಟ್ಟಿ ತಳ ತಾಗದಂತೆ ಪೂರ್ತಿ ಮುಳುಗಿಸಬೇಕು. ಆಗ ತಕ್ಕಡಿ ಎಷ್ಟು ಗ್ರಾಂ ಏರಿತು ಎಂಬುದೇ ಚಮಚದ ಗಾತ್ರ. ತೂಕವನ್ನು ಇದರಿಂದ ಭಾಗಿಸಿದಾಗ 10.3ರ ಆಸುಪಾಸು ಬಂದರೆ ಸ್ಟರ್ಲಿಂಗ್ ಇರಬಹುದು. 8.7ರ ಆಸುಪಾಸು ಬಂದರೆ ಜರ್ಮನ್ ಸಿಲ್ವರ್. 62 ಗ್ರಾಂ ತೂಗುವ ಚಮಚವಾದರೆ ಮೊದಲನೆಯದರಲ್ಲಿ ತಕ್ಕಡಿ ಸುಮಾರು 6 ಗ್ರಾಂ, ಎರಡನೆಯದರಲ್ಲಿ 7 ಗ್ರಾಮಿಗಿಂತ ತುಸು ಹೆಚ್ಚು ಏರುತ್ತದೆ. ಊಟದ ಚಾಕುವಿಗೆ ಮಾತ್ರ ಈ ಪರೀಕ್ಷೆ ಸಲ್ಲದು, ಏಕೆಂದರೆ ಅನೇಕ ಚಾಕುಗಳ ಹಿಡಿಕೆ ಪೊಳ್ಳು, ಒಳಗೆ ಅರಗಿನಂಥ ಭರ್ತಿ. ಅಲಗು ಹೇಗೂ ಉಕ್ಕು. ಸ್ಟರ್ಲಿಂಗ್ ಹಿಡಿಕೆಯ ಚಾಕುವನ್ನು ಇಡಿಯಾಗಿ ಬೆಳ್ಳಿಯ ತೂಕಕ್ಕೆ ಕೊಂಡವರು ಅರಗಿಗೂ ಉಕ್ಕಿಗೂ ಬೆಳ್ಳಿಯ ದರ ತೆತ್ತಂತಾಗುತ್ತದೆ. ಒರೆಗಲ್ಲಿಗೆ ಉಜ್ಜಿಸುವುದಿದ್ದರೆ ಕಣ್ಣಿಗೆ ಬೀಳದ ಜಾಗದಲ್ಲಿ, ಅದೂ ಮೊದಲು ಛಾಯಾಚಿತ್ರ ತೆಗೆದ ಮೇಲೆ.

ಮುಲಾಮಿನ ಸಾಮಾನಿನಲ್ಲಿ ನಿಜವಾಗಿ ಎಷ್ಟು ಬೆಳ್ಳಿ ಇರುತ್ತದೆ ಎಂಬುದನ್ನು ಒಮ್ಮೆ ಲೆಕ್ಕ ಹಾಕಿ ನೋಡುವುದು ಒಳ್ಳೆಯದು. ಸಾಧಾರಣ ಊಟದ ಚಮಚದ ಎರಡೂ ಮುಖ ಸೇರಿ ಸುಮಾರು 65 ಚದರ ಸೆಂಟಿಮೀಟರ್. ಪದರದ ದಪ್ಪ 20 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಭಾಗ ಎಂದಿಟ್ಟುಕೊಂಡರೆ ಬೆಳ್ಳಿಯ ತೂಕ ಒಂದೂವರೆ ಗ್ರಾಂ ಕೂಡ ಆಗುವುದಿಲ್ಲ. ಅದನ್ನು ಬಿಡಿಸಿ ತೆಗೆಯುವ ಖರ್ಚು ಬೇರೆ. ಬೆಳ್ಳಿಯ ದರ 2025ರಲ್ಲಿ ಕಿಲೋಗೆ ಒಂದು ಲಕ್ಷ ರೂಪಾಯಿಯ ಗಡಿಯನ್ನು ಬಹಳ ದೂರ ದಾಟಿ ಹೋದಾಗ ಅಟ್ಟದ ಮೇಲಿನ ಹಳೆಯ ಚಮಚಗಳನ್ನು ಇಳಿಸಿದವರು ಅನೇಕರು. ಅಂಗಡಿಯಲ್ಲಿ 'ಇದು ಬೆಳ್ಳಿಯಲ್ಲ' ಎಂಬ ಉತ್ತರ ಕೇಳಿದ ಕೂಡಲೇ ಅವನ್ನು ಗುಜರಿಗೆ ತೂಗಿ ಹಾಕುವುದು ಎರಡನೆಯ ತಪ್ಪು. ಲೋಹಕ್ಕೆ ಬೆಲೆಯಿಲ್ಲ ಎಂಬುದು ಸಾಮಾನಿಗೆ ಬೆಲೆಯಿಲ್ಲ ಎಂಬುದಕ್ಕೆ ಸಮವಲ್ಲ. ಸೀಗ್ರಾಂ ಕಟ್ಟಡದ ಹರಾಜಿನಲ್ಲಿ ಯಾರೂ ಲೋಹವನ್ನು ತೂಗಲಿಲ್ಲ.

ಹೆಸರಿನ ಬೆಲೆ, ಸವೆತದ ಬೆಲೆ

ಲೋಹವನ್ನು ಬದಿಗಿಟ್ಟರೆ ಉಳಿಯುವುದು ಮೂಲ, ವಿನ್ಯಾಸ, ವಿರಳತೆ ಮತ್ತು ಸ್ಥಿತಿ. ಇವುಗಳಲ್ಲಿ ವಿರಳತೆಯನ್ನು ಜನ ತಪ್ಪಾಗಿ ಅಂದಾಜಿಸುವುದೇ ಹೆಚ್ಚು. ನೂರಾರು ಜನ ಒಟ್ಟಿಗೆ ಕೂರುವ ರೆಸ್ಟೋರೆಂಟಿನಲ್ಲಿ ಮುಳ್ಳುಚಮಚಗಳು ಸಾವಿರಗಟ್ಟಲೆ ಇರುತ್ತವೆ. ಬಿಡಿಯಾದ ಒಂದು ಮುಳ್ಳುಚಮಚ ಎಷ್ಟೇ ಸುಂದರವಾಗಿದ್ದರೂ ಅದರಂಥವು ಬೇಕಾದಷ್ಟು. ಆದರೆ ಮೇಜಿನ ಪಕ್ಕದಲ್ಲಿ ನಿಂತು ಬಡಿಸಲು ಬಳಸುವ ಗಾಡಿಯ ಮೇಲಿನ ದೊಡ್ಡ ತಟ್ಟೆ, ಅದರ ಮುಚ್ಚಳ, ಸಾರಿನ ಬೋಗುಣಿ, ಮದ್ಯದ ಸೀಸೆ ತಣ್ಣಗಿಡುವ ಪಾತ್ರೆ ಇವು ಕೋಣೆಗೆ ಕೆಲವೇ ಇರುತ್ತವೆ. ಬಡಿಸುವ ಸಾಧನ ತಿನ್ನುವ ಸಾಧನಕ್ಕಿಂತ ದುಬಾರಿ ಎಂಬುದು ಈ ವ್ಯಾಪಾರದಲ್ಲಿ ಬಹುಮಟ್ಟಿಗೆ ನಿಲ್ಲುವ ಸೂತ್ರ. ಪೂರ್ತಿ ಜೊತೆ ಇದ್ದರೆ ಬಿಡಿಗಳ ಮೊತ್ತಕ್ಕಿಂತ ಹೆಚ್ಚು ಬರುತ್ತದೆ. ಹನ್ನೆರಡರಲ್ಲಿ ಹನ್ನೊಂದೇ ಉಳಿದಿದ್ದರೆ ಕೊಳ್ಳುವವನು ಚೌಕಾಸಿಗೆ ಇಳಿಯುತ್ತಾನೆ.

ಸ್ಥಿತಿಯ ವಿಚಾರದಲ್ಲಿ ಹೋಟೆಲು ಸಾಮಾನಿನ ನ್ಯಾಯವೇ ಬೇರೆ. ಮನೆಯ ಬೆಳ್ಳಿಗೆ ಗೀರು ದೋಷ. ಹೋಟೆಲಿನ ತಟ್ಟೆಗೆ ಚಾಕುವಿನ ಗೀರು, ಅಂಚಿನ ಸಣ್ಣ ತಗ್ಗು ಅದು ದುಡಿದದ್ದಕ್ಕೆ ಸಾಕ್ಷಿ. ಎಲ್ಲ ಕಡೆ ಒಂದೇ ಸಮನೆ ಹೊಳೆಯುವ, ಅರ್ಧ ಶತಮಾನದಷ್ಟು ಹಳೆಯದೆಂದು ಹೇಳುವ ಚಮಚ ಅನುಮಾನಕ್ಕೆ ಎಡೆ ಕೊಡುತ್ತದೆ. ನಿಜವಾಗಿ ಬಳಸಿದ ಚಮಚದಲ್ಲಿ ಸವೆತ ಗೊತ್ತಾದ ಜಾಗಗಳಲ್ಲೇ ಇರುತ್ತದೆ: ಮೇಜಿಗೆ ತಾಗುವ ಬುಡದ ಉಬ್ಬು, ಹಿಡಿಕೆಯ ಹಿಂಬದಿಯ ತುದಿ, ಮುಳ್ಳುಗಳ ಕೊನೆ. ಅಲ್ಲಿ ಬೆಳ್ಳಿ ಹೋಗಿ ಒಳಗಿನ ತುಸು ಹಳದಿ ಛಾಯೆ ಇಣುಕುತ್ತದೆ. ಸಾಮಾನು ಮುಲಾಮಿನದೆಂಬುದಕ್ಕೂ ಇದೇ ಸುಲಭದ ಗುರುತು. ಸವೆತ ಕೃತಕವಾಗಿದ್ದರೆ ಅದು ಉಬ್ಬಿನಲ್ಲೂ ತಗ್ಗಿನಲ್ಲೂ ಸಮವಾಗಿ ಹರಡಿರುತ್ತದೆ. ಹೀಗೆ ಒಳಲೋಹ ಕಂಡ ಚಮಚವನ್ನು ಊಟಕ್ಕೆ ಬಳಸುವ ಮುನ್ನ ನಿಕ್ಕಲ್ ಒಗ್ಗದ ಮೈಯವರು ಯೋಚಿಸಬೇಕು.

ಹಾಗೆಂದು ಹೊಸ ಮುಲಾಮು ಹಾಕಿಸುವುದು ಸಂಗ್ರಾಹಕರ ದೃಷ್ಟಿಯಲ್ಲಿ ಅವಸರದ ಕೆಲಸ. ಮುಲಾಮಿಗೆ ಮುಂಚೆ ಕಾರ್ಖಾನೆಯಲ್ಲಿ ಹಳೆಯ ಪದರವನ್ನು ತೆಗೆದು ಒಡಲನ್ನು ತಿಕ್ಕಿ ನಯ ಮಾಡುತ್ತಾರೆ. ಆ ತಿಕ್ಕಾಟದಲ್ಲಿ ಕೊರೆದ ಅಕ್ಷರ ಮಸುಕಾಗುತ್ತದೆ, ಅಂಚಿನ ಚೂಪು ಮೊಂಡಾಗುತ್ತದೆ, ಠಸ್ಸೆ ಓದಲಾಗದಂತಾಗುತ್ತದೆ. ಅಂದ ಹೆಚ್ಚಿ ಗುರುತು ಅಳಿಯುತ್ತದೆ. ತಾಮ್ರದ ಬಾಣಲೆಗಳ ಮಾತು ಬೇರೆ. ಒಳಗಿನ ತವರ ಸವೆದಾಗ ಕಲಾಯಿ ಮಾಡಿಸುವುದು ಅವುಗಳ ದಿನನಿತ್ಯದ ಆರೈಕೆಗೆ ಸೇರಿದ್ದು, ಅದರಿಂದ ಬೆಲೆ ಇಳಿಯುವುದಿಲ್ಲ. ಕಲಾಯಿಯವನ ಕೂಗನ್ನು ಬೀದಿಯಲ್ಲಿ ಕೇಳಿ ಬೆಳೆದ ತಲೆಮಾರಿಗೆ ಈ ವ್ಯತ್ಯಾಸ ಸುಲಭವಾಗಿ ತಿಳಿಯುತ್ತದೆ.

ತೊಳೆಯುವುದರಲ್ಲೂ ಹಿಡಿತ ಬೇಕು. ಹುಣಸೆಹಣ್ಣು, ಬೂದಿ, ವಿಭೂತಿಗಳಿಂದ ಉಜ್ಜುವುದು ನಮ್ಮ ಮನೆಗಳ ರೂಢಿ. ದಪ್ಪನೆಯ ಬೆಳ್ಳಿ ತಟ್ಟೆಗೆ ಇದರಿಂದ ಹೆಚ್ಚಿನ ನಷ್ಟವಾಗದು. ಆದರೆ ಮಿಲಿಮೀಟರಿನ ಐವತ್ತನೇ ಒಂದು ಭಾಗದ ಪದರದ ಮೇಲೆ ಪ್ರತಿ ಉಜ್ಜುವಿಕೆಯೂ ಒಂದಿಷ್ಟು ಬೆಳ್ಳಿಯನ್ನು ಬಟ್ಟೆಗೆ ಅಂಟಿಸಿ ಒಯ್ಯುತ್ತದೆ. ಅಲ್ಯೂಮಿನಿಯಂ ಹಾಳೆ ಹಾಸಿದ ಪಾತ್ರೆಯಲ್ಲಿ ಅಡುಗೆ ಸೋಡಾ ಬೆರೆಸಿದ ಬಿಸಿನೀರಿಗೆ ಹಾಕಿದರೆ ಉಜ್ಜದೆಯೇ ಕಪ್ಪು ಬಿಡುತ್ತದೆ ನಿಜ. ಆದರೆ ಅಕ್ಷರಗಳ ತಗ್ಗಿನಲ್ಲಿ ಕುಳಿತು ಅವನ್ನು ಎತ್ತಿ ತೋರಿಸುತ್ತಿದ್ದ ಕಪ್ಪೂ ಹೋಗುತ್ತದೆ. ಮಾರುವ ಉದ್ದೇಶವಿದ್ದರೆ ಸೌಮ್ಯ ಸಾಬೂನು ನೀರಿನಲ್ಲಿ ಜಿಡ್ಡು ತೊಳೆದು ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಇಡುವುದಷ್ಟೇ ಕ್ಷೇಮ.

ಕೊನೆಯಲ್ಲಿ ಹಣದ ಲೆಕ್ಕ. ಅಂತರ್ಜಾಲದಲ್ಲಿ ಮಾರಾಟಗಾರರು ಕೇಳುತ್ತಿರುವ ಬೆಲೆಯನ್ನು ನೋಡಿ ಅಂದಾಜು ಕಟ್ಟುವುದು ವ್ಯರ್ಥ. ಕೇಳುವುದಕ್ಕೆ ಯಾರ ಅಪ್ಪಣೆಯೂ ಬೇಡ. ನೋಡಬೇಕಾದದ್ದು ನಿಜವಾಗಿ ಮಾರಾಟವಾದ ಬೆಲೆ, ಮಾರಾಟವಾದ ದಿನಾಂಕ ಮತ್ತು ಆಗಿನ ಸ್ಥಿತಿ. ಹರಾಜು ಸಂಸ್ಥೆಗಳು ಪ್ರಕಟಿಸುವ ಮೊತ್ತದಲ್ಲಿ ಕೊಂಡವನು ಸಂಸ್ಥೆಗೆ ಹೆಚ್ಚುವರಿಯಾಗಿ ಕೊಟ್ಟ ಶುಲ್ಕವೂ ಸೇರಿರುವುದುಂಟು. ಇದು ಅನೇಕ ಕಡೆ ಕೂಗಿನ ಬೆಲೆಯ ಕಾಲು ಭಾಗದಷ್ಟು. ಮಾರಿದವನ ಕೈಗೆ ಬರುವುದು ಕೂಗಿನ ಬೆಲೆಯಲ್ಲಿ ತನ್ನ ಪಾಲಿನ ದಲ್ಲಾಳಿ, ಸಾಗಣೆ, ವಿಮೆಗಳನ್ನು ಕಳೆದು ಉಳಿದದ್ದು. ಸಾವಿರ ಡಾಲರ್ ಕೂಗಿಗೆ ನಿಂತ ಸರಕು ಪತ್ರಿಕೆಯಲ್ಲಿ ಸಾವಿರದ ಇನ್ನೂರೈವತ್ತಾಗಿ, ಮಾರಿದವನ ಖಾತೆಯಲ್ಲಿ ಎಂಟುನೂರೋ ಒಂಬೈನೂರೋ ಆಗಿ ಕಾಣುವುದರಲ್ಲಿ ಮೋಸವೇನೂ ಇಲ್ಲ.

2016ರ ಆ ದಿನದ ಬೆಲೆಗಳನ್ನು ಹಾಗೆಯೇ ಎತ್ತಿಕೊಂಡು ಇಂದಿನ ಸರಕಿಗೆ ಅಂಟಿಸುವುದೂ ಸರಿಯಲ್ಲ. ಅಂದು ಕೊಂಡವರಲ್ಲಿ ಹಲವರು ಆ ಕೋಣೆಯಲ್ಲಿ ವರ್ಷಗಟ್ಟಲೆ ಊಟ ಮಾಡಿದವರು, ಅದೇ ಕೋಣೆಯಲ್ಲಿ ಕುಳಿತು ಕೈಯೆತ್ತಿದವರು. ಅವರು ಕೊಂಡದ್ದು ಬೂದಿಯ ಬಟ್ಟಲನ್ನಲ್ಲ, ತಮ್ಮ ಮಧ್ಯಾಹ್ನಗಳನ್ನು. ಅಂಥ ಬಿಸಿಯಲ್ಲಿ ಏರಿದ ಬೆಲೆ ಇನ್ನೊಂದು ಊರಿನಲ್ಲಿ, ಇನ್ನೊಂದು ದಿನ ಮತ್ತೆ ಸಿಗುತ್ತದೆಂಬ ಖಾತ್ರಿಯಿಲ್ಲ.

ಭಾರತದಲ್ಲಿ ಇಂಥ ಹಳೆಯ ಸಾಮಾನು ಇಟ್ಟುಕೊಂಡವರು ಕಾನೂನಿನ ಒಂದು ಅಂಶವನ್ನು ಗಮನಿಸಬೇಕು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷ ತುಂಬಿದ ಕಲಾತ್ಮಕ ಅಥವಾ ಚಾರಿತ್ರಿಕ ಮಹತ್ವದ ವಸ್ತು ಪ್ರಾಚ್ಯವಸ್ತುವಿನ ವ್ಯಾಖ್ಯೆಗೆ ಬರುತ್ತದೆ, ಅದನ್ನು ಖಾಸಗಿಯವರು ಹೊರದೇಶಕ್ಕೆ ಕಳುಹಿಸುವಂತಿಲ್ಲ. ಬ್ರಿಟಿಷರ ಕಾಲದ ಕ್ಲಬ್ಬು, ಹೋಟೆಲು, ರೈಲ್ವೆಗಳ ಹಳೆಯ ಪಾತ್ರೆಗಳಲ್ಲಿ ಕೆಲವು ಆ ವಯಸ್ಸನ್ನು ಈಗಾಗಲೇ ದಾಟಿವೆ. ವಿದೇಶದ ಗಿರಾಕಿಯೊಡನೆ ಮಾತು ಮುಗಿಸುವ ಮೊದಲು ಸಾಮಾನಿನ ವಯಸ್ಸನ್ನು ಭಾರತೀಯ ಪುರಾತತ್ತ್ವ ಇಲಾಖೆಯ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳಬೇಕು. ಅಲ್ಲಿಗೆ ಒಯ್ಯುವಾಗ ಸಾಮಾನಿನ ಜೊತೆಗೆ ಮುಂಬದಿ, ಹಿಂಬದಿ, ಠಸ್ಸೆಯ ಹತ್ತಿರದ ನೋಟ, ಅಳತೆ, ತೂಕ ಮತ್ತು ಅದು ಮನೆಗೆ ಬಂದ ಬಗೆಯನ್ನು ಬರೆದ ಒಂದು ಹಾಳೆ ಇದ್ದರೆ ಕೆಲಸ ಹಗುರ. ಅಜ್ಜನ ಕಾಲದ ರಸೀದಿಯೊಂದು ಟ್ರಂಕಿನ ತಳದಲ್ಲಿ ಸಿಕ್ಕರೆ ಅದನ್ನು ಚಮಚಕ್ಕಿಂತ ಜೋಪಾನವಾಗಿ ಇಡಬೇಕು.